ಕಾಲಿನ ತುರಿಕೆ ಬರೀ ಚರ್ಮದ ಕಾಯಿಲೆಯೇ? ಸಿರೆಯಲ್ಲಿ ಹೆಪ್ಪುಗಟ್ಟಿದ ರಕ್ತವೂ ಕಾರಣ ಇರಬಹುದು

ರತ್ನಗಿರಿ: ಹಗಲೆಲ್ಲ ಕಡಲೆಕಾಯಿ ಹೊಲದಲ್ಲೋ ಹಿಪ್ಪುನೇರಳೆ ತೋಟದಲ್ಲೋ ದುಡಿದು ಮನೆಗೆ ಬಂದರೆ ಒಂದು ಕಾಲು ಭಾರ. ಪಾದದ ಗಂಟಿನ ಸುತ್ತ ಊತ. ರಾತ್ರಿ ಮಲಗಿದರೆ ತಡೆಯಲಾರದ ನವೆ. ಇಂಥ ತೊಂದರೆಯನ್ನು ನಾವು ಸಾಮಾನ್ಯವಾಗಿ ಗಜ್ಜಿ, ಇಸುಬು ಎಂದುಕೊಂಡು ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚುತ್ತೇವೆ. ನಾಲ್ಕು ದಿನ ಕಡಿಮೆಯಾಗುತ್ತದೆ, ಮತ್ತೆ ಶುರುವಾಗುತ್ತದೆ. ಏಕೆಂದರೆ ಕೆಲವರಲ್ಲಿ ತೊಂದರೆ ಇರುವುದು ಚರ್ಮದಲ್ಲಲ್ಲ, ಅದರ ಒಳಗಿನ ಸಿರೆಯಲ್ಲಿ.

ಸಿರೆಗೂ ತುರಿಕೆಗೂ ಏನು ಸಂಬಂಧ?

ಕಾಲಿನ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ಒಯ್ಯುವ ನಾಳಗಳೇ ಸಿರೆಗಳು. ರಕ್ತ ಮತ್ತೆ ಕೆಳಗೆ ಇಳಿಯದಂತೆ ಇವುಗಳ ಒಳಗೆ ಪುಟ್ಟ ಕವಾಟಗಳಿವೆ. ಒಳಗಿನ ದೊಡ್ಡ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ (ವೈದ್ಯರು ಇದನ್ನು ಡಿ.ವಿ.ಟಿ. ಎನ್ನುತ್ತಾರೆ) ದಾರಿ ಮುಚ್ಚುತ್ತದೆ, ಕವಾಟಗಳೂ ಕೆಡಬಹುದು. ಆಗ ರಕ್ತ ಕಾಲಿನ ಕೆಳಭಾಗದಲ್ಲೇ ನಿಲ್ಲುತ್ತದೆ. ಒತ್ತಡ ಹೆಚ್ಚಿ, ನೀರಿನಂಶ ಮತ್ತು ಕೆಂಪು ರಕ್ತಕಣಗಳು ಸಣ್ಣ ನಾಳಗಳಿಂದ ಹೊರಗೆ ಜಿನುಗುತ್ತವೆ. ರಕ್ತಕಣದ ಕಬ್ಬಿಣ ಉಳಿದು ಚರ್ಮ ಕಂದು ಬಣ್ಣಕ್ಕೆ ತಿರುಗುತ್ತದೆ, ಒಣಗುತ್ತದೆ, ಉರಿಯೂತ ಬರುತ್ತದೆ, ತುರಿಸುತ್ತದೆ.

ಡಿ.ವಿ.ಟಿ. ಬಂದವರಲ್ಲಿ ನೂರಕ್ಕೆ 20ರಿಂದ 50 ಮಂದಿಗೆ ಮುಂದೆ ಇಂಥ ದೀರ್ಘಕಾಲದ ತೊಂದರೆ ಕಾಣಿಸಿಕೊಳ್ಳುತ್ತದೆ. ಇದನ್ನು ಅಳೆಯಲು ವೈದ್ಯರು ಬಳಸುವ ವಿಲಾಲ್ಟಾ ಅಳತೆಪಟ್ಟಿಯಲ್ಲಿ ರೋಗಿ ಹೇಳುವ ಐದು ಲಕ್ಷಣಗಳಿವೆ: ನೋವು, ಸೆಳೆತ, ಭಾರ, ಜುಮುಜುಮು ಮತ್ತು ತುರಿಕೆ. ಆದ್ದರಿಂದ "ತುರಿಕೆ ತಾನೇ" ಎಂದು ಅದನ್ನು ವೈದ್ಯರಿಗೆ ಹೇಳದೆ ಬಿಡಬಾರದು.

ಹೊಸದಾಗಿ ಹೆಪ್ಪುಗಟ್ಟಿದಾಗ

ಬರೀ ತುರಿಕೆ ಇದ್ದರೆ ರಕ್ತ ಹೆಪ್ಪುಗಟ್ಟಿದೆ ಎಂದು ಹೆದರಬೇಕಿಲ್ಲ. ಹೊಸ ಹೆಪ್ಪಿನ ಮುಖ್ಯ ಗುರುತುಗಳೇ ಬೇರೆ. ಒಂದೇ ಕಾಲು ಊದುವುದು, ಮೀನಖಂಡದಲ್ಲಿ ನೋವು, ಮುಟ್ಟಿದರೆ ಬಿಸಿ, ಬಣ್ಣ ಬದಲಾಗುವುದು. ಇವು ಕಂಡರೆ ಕಾಲನ್ನು ತಿಕ್ಕಬೇಡಿ, ಮಾಲೀಶು ಮಾಡಿಸಬೇಡಿ. ಅದೇ ದಿನ ವೈದ್ಯರ ಬಳಿ ಹೋಗಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಬಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಗಡಿಯ ಎರಡೂ ಕಡೆ ಇದೇ ನಂಬರು.

ಬಾಣಂತಿಯರು, ಆಪರೇಷನ್ ಆದವರು, ಕಾಲು ಮುರಿದು ಮಲಗಿದವರು, ಕ್ಯಾನ್ಸರ್ ರೋಗಿಗಳು ಹೆಚ್ಚು ಎಚ್ಚರ ವಹಿಸಬೇಕು. ಬಾಣಂತಿಗೆ ನೀರು ಕೊಡಬಾರದು ಎಂಬ ಹಳೆಯ ಪದ್ಧತಿ ಒಳ್ಳೆಯದಲ್ಲ. ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ. ಹೆರಿಗೆಯ ನಂತರ ಮಿದುಳಿನ ಸಿರೆಗಳಲ್ಲೂ ರಕ್ತ ಹೆಪ್ಪುಗಟ್ಟುವುದನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಹಳ ವರ್ಷಗಳಿಂದ ಅಧ್ಯಯನ ಮಾಡಿದ್ದಾರೆ.

ಬೇರೆ ಎರಡು ಕಾರಣಗಳು

ರಕ್ತ ತೆಳುವಾಗಿಸುವ ಮಾತ್ರೆ, ಇಂಜೆಕ್ಷನ್‌ಗಳಿಂದಲೂ ಕೆಲವರಿಗೆ ಅಲರ್ಜಿಯಾಗಿ ಮೈ ತುರಿಸುತ್ತದೆ. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ವೈದ್ಯರಿಗೆ ತಿಳಿಸಿದರೆ ಬೇರೆ ಔಷಧಿ ಕೊಡುತ್ತಾರೆ. ತುಟಿ, ಮುಖ ಊದಿ ಉಸಿರಾಟ ಕಷ್ಟವಾದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಓಡಬೇಕು.

ಸ್ನಾನ ಮಾಡಿದ ಮೇಲೆ ಮೈಯೆಲ್ಲ ತುರಿಸುವುದು ಇನ್ನೊಂದು ಸೂಚನೆ. ಪಾಲಿಸೈಥೀಮಿಯಾ ವೇರಾ ಎಂಬ ಅಪರೂಪದ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ವಿಪರೀತ ಹೆಚ್ಚಿ ರಕ್ತ ಮಂದವಾಗುತ್ತದೆ. ಇಲ್ಲಿ ತುರಿಕೆಗೂ ಹೆಪ್ಪಿಗೂ ಮೂಲ ಒಂದೇ. ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಅನುಮಾನ ಬರುತ್ತದೆ.

ಮನೆಯಲ್ಲಿ ಏನು ಮಾಡಬೇಕು?

ಉಗುರಿನಿಂದ ಕೆರೆಯಬೇಡಿ. ಕೆರೆದ ಗಾಯ ಪಾದದ ಗಂಟಿನ ಬಳಿ ತಿಂಗಳುಗಟ್ಟಲೆ ಮಾಯದ ಹುಣ್ಣಾಗಬಹುದು. ಬಿಸಿನೀರು, ಗಟ್ಟಿ ಸೋಪು ಬೇಡ. ಚರ್ಮ ಒಣಗದಂತೆ ವಾಸಲೀನ್ ಸವರಿ. ಸಿಕ್ಕ ಸಿಕ್ಕ ಮುಲಾಮು, ಸೊಪ್ಪಿನ ರಸ ಹಚ್ಚಬೇಡಿ. ಇಂಥ ಚರ್ಮಕ್ಕೆ ಅಲರ್ಜಿ ಬೇಗ ಆಗುತ್ತದೆ. ಕೂತಾಗ, ಮಲಗಿದಾಗ ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಿ. ಒಂದೇ ಕಡೆ ನಿಲ್ಲದೆ ನಡೆದಾಡಿ. ಬಿಗಿಯಾದ ಕಾಲುಚೀಲ ಉಪಯೋಗಕ್ಕೆ ಬರುತ್ತದೆ, ಆದರೆ ಕಾಲಿಗೆ ರಕ್ತ ಒಯ್ಯುವ ಧಮನಿ ಸರಿಯಿದೆಯೇ ಎಂದು ವೈದ್ಯರು ನೋಡಿದ ಮೇಲೆಯೇ ಹಾಕಬೇಕು.

ಗಡಿಯವರಿಗೆ ಒಂದು ಮಾತು

ನಮ್ಮಲ್ಲಿ ಒಬ್ಬರೇ ಒಮ್ಮೆ ಮಡಕಶಿರಾ, ಹಿಂದೂಪುರಕ್ಕೆ, ಇನ್ನೊಮ್ಮೆ ಶಿರಾ, ಮಧುಗಿರಿಗೆ ಹೋಗುತ್ತಾರೆ. ರಾಯದುರ್ಗದವರು ಬಳ್ಳಾರಿಗೆ ಹೋಗುತ್ತಾರೆ. ಒಂದು ಕಡೆ ರಕ್ತ ತೆಳುವಾಗಿಸುವ ಮಾತ್ರೆ ಬರೆದಿದ್ದು ತಿಳಿಯದೆ ಇನ್ನೊಂದು ಕಡೆ ನೋವಿನ ಮಾತ್ರೆ ಕೊಟ್ಟರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ಹಳೆಯ ಚೀಟಿ, ಸ್ಕ್ಯಾನ್ ವರದಿ ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು ಜೊತೆಗೆ ಒಯ್ಯಿರಿ.

ಭಾಷೆಯದೂ ಒಂದು ತೊಡಕಿದೆ. ಕನ್ನಡದಲ್ಲೂ ತೆಲುಗಿನಲ್ಲೂ ನಾವು ರಕ್ತನಾಳಕ್ಕೂ "ನರ" ಎಂದೇ ಹೇಳುತ್ತೇವೆ. "ನರದ ತೊಂದರೆ" ಎಂದರೆ ವೈದ್ಯರು ಬೇರೆ ಅರ್ಥ ಮಾಡಿಕೊಳ್ಳಬಹುದು. ಅದರ ಬದಲು ಊದಿದ ಕಾಲು ತೋರಿಸಿ, "ಹಿಂದೆ ಇಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಈಗ ತುರಿಕೆ" ಎನ್ನಿ. ತೆಲುಗು ವೈದ್ಯರಾದರೆ ತುರಿಕೆಗೆ "ದುರದ" ಎಂದರಾಯಿತು. ಕಾಲಿನ ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ಕೇಳಿ. ಈ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ನೋವೂ ಇಲ್ಲ. ವರ್ಷಗಟ್ಟಲೆ ಮುಲಾಮು ಹಚ್ಚುವುದಕ್ಕಿಂತ ಒಮ್ಮೆ ಸಿರೆಯನ್ನು ನೋಡಿಸುವುದು ಮೇಲು.