ಶಂಖಕ್ಕೂ ಮುಂಚಿನ ಉಸಿರು

ನನ್ನ ಕೀಬೋರ್ಡಿನ ಕೊನೆಯ ಕೀ ಒತ್ತಿದರೆ ನಮ್ಮ ತಾತ ಶಂಖ ಊದುತ್ತಾರೆ! ತಮಾಷೆಯಲ್ಲ, ನಿಜ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಯುಗಾದಿ ಕಳೆಯಿತೆಂದರೆ ಸುತ್ತಮುತ್ತ ಪೌರಾಣಿಕ ನಾಟಕಗಳ ಸುಗ್ಗಿ. ಹಗಲು ಡಿಗ್ರಿ ಕಾಲೇಜು, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಪಕ್ಕ ಕೀಬೋರ್ಡ್. ಹಾಡಿಗೆ ಸಾಥ್ ಕೊಡುವುದರ ಜೊತೆಗೆ ಗುಡುಗು, ಕುದುರೆ ಓಟ, ಬಾಣದ ಸದ್ದುಗಳೆಲ್ಲ ನನ್ನ ಪಾಲಿನವು.

ಅದರಲ್ಲಿದ್ದ ಶಂಖದ ಸದ್ದು ಮಾತ್ರ ಲಾರಿ ಹಾರನ್ನಿನಂತಿತ್ತು. ‘ಕುರುಕ್ಷೇತ್ರ’ ನಾಟಕದಲ್ಲಿ ಕೃಷ್ಣ ಪಾಂಚಜನ್ಯ ಊದಿದಾಗಲೆಲ್ಲ ಮುಂದೆ ಕೂತ ಹುಡುಗರು ನಗುತ್ತಿದ್ದರು. ಆಗ ಹೊಳೆಯಿತು, ಮನೆಯಲ್ಲೇ ಶಂಖ ಇದೆಯಲ್ಲ! ನಮ್ಮ ತಾತ ದಾಸಯ್ಯ. ಶ್ರಾವಣ ಶನಿವಾರ ಶಂಖ, ಜಾಗಟೆ ಹಿಡಿದು ಮನೆಮನೆಗೆ ಹೋಗುವವರು. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಅವರಿಂದ ಊದಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಹೀಗೆ ನಿಜವಾದ ಸದ್ದನ್ನು ಹಿಡಿದು ಕೀಗೆ ಜೋಡಿಸಿದರೆ ಅದೇ ಸ್ಯಾಂಪಲ್. 1979ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಫೇರ್‌ಲೈಟ್ ಸಿಎಂಐ ಎಂಬ ವಾದ್ಯ ಇದೇ ಕೆಲಸ ಮಾಡುತ್ತಿತ್ತು. ಅದರ ಬೆಲೆಗೆ ಒಂದು ಮನೆಯೇ ಬರುತ್ತಿತ್ತಂತೆ. ನನಗೆ ಸೆಕೆಂಡ್‌ಹ್ಯಾಂಡ್ ಕೀಬೋರ್ಡ್, ಒಂದು ಪೆನ್‌ಡ್ರೈವ್ ಸಾಕಾಯಿತು.

ಆದರೆ ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಒಂದು ಸ್ಥಾಯಿ ಮೇಲಿನ ಕೀ ಒತ್ತಿದರೆ ಸದ್ದು ಎರಡು ಪಟ್ಟು ವೇಗದಲ್ಲಿ ಓಡಿ, ತಾತನ ಶಂಖ ಜಾತ್ರೆಯ ಪೀಪಿಯಾಗುತ್ತಿತ್ತು! ಅದಕ್ಕೇ ಮೂಲ ಶ್ರುತಿಯಲ್ಲಿ ಒಂದೇ ಕೀಗೆ ಕಟ್ಟಿಹಾಕಿದೆ. ಊದುವ ಮುಂಚೆ ತಾತ ಗಂಟಲು ಸರಿಮಾಡಿಕೊಂಡು ಜೋರಾಗಿ ಉಸಿರೆಳೆದುಕೊಂಡಿದ್ದರು. ಅದೇ ಎರಡು ಸೆಕೆಂಡ್. ಕೀ ಒತ್ತಿ ಎರಡು ಸೆಕೆಂಡ್ ಕಾದರೆ ಕೃಷ್ಣನ ಪಾತ್ರಧಾರಿ ಶಂಖ ಕೆಳಗಿಳಿಸಿರುತ್ತಾನೆ! ಕತ್ತರಿಸಿದೆ. ಅಲೆಯ ಗೆರೆ ಸೊನ್ನೆ ದಾಟುವ ಜಾಗದಲ್ಲೇ ಕತ್ತರಿ ಹಾಕಬೇಕು, ಇಲ್ಲದಿದ್ದರೆ ‘ಟಪ್’ ಅನ್ನುತ್ತದೆ. ಆಮೇಲೆ ನಡುವಿನ ಸಮನಾದ ಭಾಗವನ್ನು ಹುಡುಕಿ ಲೂಪ್ ಮಾಡಿದೆ. ಈಗ ನಾನು ಬೆರಳೆತ್ತುವವರೆಗೂ ಶಂಖ ನಿಲ್ಲುವುದೇ ಇಲ್ಲ.

ಮುಂದಿನ ನಾಟಕದಲ್ಲಿ ಕೃಷ್ಣ ಶಂಖ ಎತ್ತಿದ, ನಾನು ಕೀ ಒತ್ತಿದೆ. ಯಾರೂ ನಗಲಿಲ್ಲ. ಕೆಲವರು ಕೈ ಮುಗಿದರು. ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಕಳೆದ ವರ್ಷ ತಾತನಿಗೆ ಹರ್ನಿಯಾ ಆಪರೇಷನ್ ಆಯಿತು. ‘ಇನ್ನು ಶಂಖ ಊದಬೇಡಿ’ ಎಂದರು ಡಾಕ್ಟರು. ಶ್ರಾವಣ ಬಂತು. ತಾತ ಬರೀ ಜಾಗಟೆ ಹಿಡಿದು ಹೋಗಿಬಂದರು. ಸಂಜೆ ನನ್ನ ಪಕ್ಕ ಬಂದು ಕೂತು, ‘ಎಲ್ಲಿ, ನಿನ್ ಪೆಟ್ಗೇಲಿರೋ ನನ್ ಶಂಖ ಒಂದ್ಸಲ ಊದ್ಸ್ಲಾ’ ಎಂದರು.

ಖುಷಿಯಿಂದ ಕೀ ಒತ್ತಿ ಹಿಡಿದೆ. ತಾತ ತಲೆ ಬಗ್ಗಿಸಿ ಕೇಳಿದರು. ಆಮೇಲೆ ಮೆಲ್ಲಗೆ, ‘ಇದು ನನ್ದಲ್ಲ ಕಣ್ಲಾ. ಉಸ್ರು ಎಳ್ಕಳ್ದೆ, ಉಸ್ರು ಮುಗೀದೆ ಯಾರ್ಲಾ ಶಂಖ ಊದ್ತಾರೆ?’ ಅಂದರು.

ಮೂಲ ರೆಕಾರ್ಡಿಂಗ್ ಕೇಳಿಸೋಣವೆಂದು ಹುಡುಕಿದೆ. ಮೊಬೈಲ್ ತುಂಬಿತೆಂದು ಅಲ್ಲಿ ಯಾವತ್ತೋ ಅಳಿಸಿದ್ದೆ. ಪೆನ್‌ಡ್ರೈವಿನಲ್ಲಿ ಕತ್ತರಿಸಿದ ಮೇಲೆ ಅದೇ ಹೆಸರಿನಲ್ಲಿ ಸೇವ್ ಮಾಡಿದ್ದೆ. ‘ಹಳೆಯದರ ಮೇಲೆ ಬರೆಯಲೇ?’ ಎಂದು ಯಂತ್ರ ಕೇಳಿಯೇ ಇತ್ತು. ಯೋಚಿಸದೆ ‘ಯೆಸ್’ ಒತ್ತಿದ್ದು ನಾನೇ. ಶುರುವಿನ ಗುರುತನ್ನಷ್ಟೇ ಮುಂದಕ್ಕೆ ಸರಿಸಿದ್ದರೆ ಸಾಕಿತ್ತು, ನಾಟಕಕ್ಕೆ ಶಂಖ ಸಮಯಕ್ಕೆ ಬರುತ್ತಿತ್ತು, ಉಸಿರೂ ಒಳಗೆ ಉಳಿಯುತ್ತಿತ್ತು. ಉಳಿಸಲು ಹೋಗಿದ್ದು ಎಷ್ಟು ಜಾಗ? ಸೆಕೆಂಡಿಗೆ 44,100 ಅಳತೆಯ, 16 ಬಿಟ್‌ನ ಮೋನೋ ರೆಕಾರ್ಡಿಂಗಿಗೆ ಒಂದು ನಿಮಿಷಕ್ಕೆ ಐದು ಎಂಬಿ ಚಿಲ್ಲರೆ. ಎರಡು ಸೆಕೆಂಡಿಗೆ ಒಂದು ಸೆಲ್ಫಿಯಷ್ಟೂ ಆಗುವುದಿಲ್ಲ.

ಈಗ ಬುದ್ಧಿ ಬಂದಿದೆ. ‘ಅಸಲು’, ‘ಕತ್ತರಿಸಿದ್ದು’, ‘ನಾಟಕಕ್ಕೆ’ ಎಂದು ಮೂರು ಫೋಲ್ಡರ್ ಮಾಡಿದ್ದೇನೆ. ಅಸಲಿಗೆ ಕೈ ಹಚ್ಚುವುದಿಲ್ಲ, ಅದರ ಇನ್ನೊಂದು ಪ್ರತಿ ಗೆಳೆಯನ ಲ್ಯಾಪ್‌ಟಾಪಿನಲ್ಲಿದೆ. ಮೊದಲೆಲ್ಲ ‘ನ್ಯೂ1’, ‘ನ್ಯೂ2’ ಎಂದು ಹೆಸರಿಟ್ಟು, ದ್ರೌಪದಿ ಅಳುವಾಗ ಕುದುರೆ ಕೆನೆಸಿದ ಕೀರ್ತಿಯೂ ನನಗಿದೆ. ಈಗ ಪ್ರತಿ ಸದ್ದಿಗೂ ಯಾರದು, ಯಾವ ದಿನದ್ದು ಎಂದು ಬರೆದಿಡುತ್ತೇನೆ.

ನಿಮ್ಮ ಮನೆಯಲ್ಲೂ ಇಂಥ ಸದ್ದುಗಳಿರುತ್ತವೆ. ಅಜ್ಜಿಯ ಸೋಬಾನೆ, ಅಪ್ಪ ದನ ಕರೆಯುವ ಕೂಗು. ರೆಕಾರ್ಡ್ ಮಾಡಿದರೆ ಹಿಂದು ಮುಂದಿನ ಕೆಮ್ಮು, ನಗು, ಕೋಳಿಯ ಕೂಗನ್ನು ಗದ್ದಲವೆಂದು ಅಳಿಸಿಬಿಡಬೇಡಿ.

ಮೊನ್ನೆ ತಾತನ ಜಾಗಟೆ ರೆಕಾರ್ಡ್ ಮಾಡಿಕೊಂಡೆ. ಬಾರಿಸುವ ಮುಂಚೆ ಅವರು ಒಮ್ಮೆ ಕೆಮ್ಮಿ, ‘ಸುರು ಮಾಡ್ಲೇನ್ಲಾ?’ ಎಂದು ಕೇಳಿದ್ದಾರೆ. ನಾಟಕಕ್ಕೆ ಜಾಗಟೆ ಮಾತ್ರ ಕೇಳುತ್ತದೆ. ‘ಅಸಲು’ ಫೋಲ್ಡರಿನಲ್ಲಿ ಆ ಕೆಮ್ಮು, ಆ ಪ್ರಶ್ನೆ, ‘ಹೂಂ ತಾತ’ ಎಂದ ನನ್ನ ದನಿ, ಮೂರೂ ಇವೆ.