ಕೀಲಿಗೆ ಬಿಸಿ, ಚರ್ಮಕ್ಕೆ ಜಿಡ್ಡು

ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಸಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿತ ಶುರುವಾಗುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತವರ ಕೈ ನೋಡಬೇಕು. ಹಸಿ ಅಡಿಕೆಯ ಚೊಗರು ಹತ್ತಿ ಅಂಗೈ ಕಪ್ಪಾಗಿ, ಒಣಗಿ, ಗೆರೆಗೆರೆಯಾಗಿ ಬಿರಿದಿರುತ್ತದೆ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸುಲಿತ ಮುಗಿದ ಮೇಲೆ ಕೈ ತಾನಾಗಿ ಹದಕ್ಕೆ ಬರುತ್ತದೆ. ನನ್ನ ದೊಡ್ಡಾಯಿಯ ಕೈ ಮಾತ್ರ ಬರಲಿಲ್ಲ. ಯುಗಾದಿ ಬಂದರೂ ಒಡಕು ಮುಚ್ಚಲಿಲ್ಲ. ಸಾರಿಗೆ ಉಪ್ಪು ಹಾಕುವಾಗ ಬೆರಳ ಸಂದಿಗೆ ಒಂದು ಹರಳು ಸಿಕ್ಕಿದರೂ ಕಣ್ಣಲ್ಲಿ ನೀರು. ಬಲಗೈಯ ಉಂಗುರದ ಬೆರಳು ಬುಡದಿಂದ ತುದಿಯವರೆಗೆ ಒಂದೇ ಸಮ ಊದಿ ಏಲಕ್ಕಿ ಬಾಳೆಹಣ್ಣಿನ ಹಾಗಾಗಿತ್ತು. ಉಂಗುರವನ್ನು ಅಕ್ಕಸಾಲಿಗರ ಹತ್ತಿರ ಕತ್ತರಿಸಿ ತೆಗೆಸಬೇಕಾಯಿತು. "ಬೆಳಿಗ್ಗೆ ಕೈ ಮಡಚಲೇ ಬತ್ತಿಲ್ಲೆ ತಮಾ" ಎನ್ನುತ್ತಿದ್ದಳು.

ಎರಡು ವರ್ಷ ಅವಳ ಕೈಯ ಚರ್ಮಕ್ಕೆ ಒಂದು ಮದ್ದು, ಗಂಟಿಗೆ ಇನ್ನೊಂದು ಮದ್ದು ನಡೆಯಿತು. ಚರ್ಮಕ್ಕೆ ಔಷಧದ ಅಂಗಡಿಯಲ್ಲಿ ಕೇಳಿ ತಂದ ಟ್ಯೂಬು. ಹಚ್ಚಿದ ವಾರ ತಿಳಿಯಾಗಿ, ಬಿಟ್ಟ ವಾರ ಇಮ್ಮಡಿಯಾಗಿ ಏಳುತ್ತಿತ್ತು. ಗಂಟಿಗೆ ವಾತ ಎಂದು ಹೆಸರಿಟ್ಟು ನೋವಿನ ಮಾತ್ರೆ. ಕೊನೆಗೆ ಒಬ್ಬ ಚರ್ಮವೈದ್ಯರು ಅವಳ ಅಂಗೈ ನೋಡಿ ಸುಮ್ಮನಾಗದೆ ಮೊಣಕೈ ತಿರುಗಿಸಿ ನೋಡಿದರು, ಕಿವಿಯ ಹಿಂದೆ ಕೂದಲು ಸರಿಸಿ ನೋಡಿದರು, ಉಗುರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಉಗುರಿನ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗುಳಿಗಳಿದ್ದವು. ಬೆಳಿಗ್ಗೆ ಕೈ ಸಡಿಲಾಗಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಒಂದು ತಾಸು. ಸೋರಿಯಾಸಿಸ್ ಕೀಲುವಾತ ಎಂಬ ಹೆಸರನ್ನು ನಮ್ಮ ಮನೆಯವರು ಕೇಳಿದ್ದು ಆವತ್ತೇ ಮೊದಲು.

ಸೋರಿಯಾಸಿಸ್ ಅಂದರೆ ಮೈಯ ರಕ್ಷಣಾ ವ್ಯವಸ್ಥೆ ತನ್ನ ಮೈಯ ಮೇಲೆಯೇ ತಿರುಗಿಬೀಳುವ ರೋಗ. ಚರ್ಮದ ಕಣಗಳು ಹುಟ್ಟಿ, ಮೇಲೆ ಬಂದು, ಉದುರಲು ಸಾಮಾನ್ಯವಾಗಿ ಒಂದು ತಿಂಗಳು ಹಿಡಿಯುತ್ತದೆ. ಈ ರೋಗದಲ್ಲಿ ಆ ಕೆಲಸ ನಾಲ್ಕೈದು ದಿನದಲ್ಲಿ ಮುಗಿದುಹೋಗುತ್ತದೆ. ಬಲಿಯದ ಕಣಗಳು ಒಂದರ ಮೇಲೊಂದು ಪೇರಿಸಿ ಬಿಳಿ ಹೊಟ್ಟಾಗುತ್ತವೆ. ಅಂಗೈಯಲ್ಲಾದರೆ ಆ ದಪ್ಪ ಚರ್ಮಕ್ಕೆ ಬಾಗುವ ಗುಣವಿರುವುದಿಲ್ಲ. ಬೆರಳು ಮಡಚಿದಲ್ಲೆಲ್ಲ ಸೀಳುತ್ತದೆ. ಸೋರಿಯಾಸಿಸ್ ಇರುವ ಸುಮಾರು ಐವರಲ್ಲಿ ಒಬ್ಬರಿಗೆ ಇದೇ ಉರಿ ಕೀಲಿಗೂ, ಸ್ನಾಯುಗಳ ತುದಿ ಎಲುಬಿಗೆ ಅಂಟಿಕೊಳ್ಳುವ ಜಾಗಕ್ಕೂ ಇಳಿಯುತ್ತದೆ. ಹೆಚ್ಚಿನವರಲ್ಲಿ ಚರ್ಮ ಮೊದಲು, ಕೀಲು ವರ್ಷಗಳ ನಂತರ. ಕೆಲವರಲ್ಲಿ ಇದು ತಿರುವುಮುರುವಾಗುತ್ತದೆ. ಇವೆರಡೂ ಆಕಸ್ಮಿಕವಾಗಿ ಒಬ್ಬರಲ್ಲೇ ಕೂಡಿಬಂದ ಬೇರೆ ಬೇರೆ ರೋಗಗಳೆಂದು ವೈದ್ಯಲೋಕವೂ ಬಹುಕಾಲ ನಂಬಿತ್ತು. ಇಂಗ್ಲೆಂಡಿನ ಲೀಡ್ಸ್ ನಗರದ ವೈದ್ಯರಾದ ಮೋಲ್ ಮತ್ತು ವರ್ನಾ ರೈಟ್ 1973ರಲ್ಲಿ ಇದರ ಐದು ಬಗೆಗಳನ್ನು ವಿಂಗಡಿಸಿ ಬರೆದ ಮೇಲೆ ಇದು ತನ್ನದೇ ಒಂದು ರೋಗವೆಂಬ ಮಾತು ಗಟ್ಟಿಯಾಯಿತು.

ಉಗುರಿನ ವಿಷಯ ನನಗೆ ತುಂಬ ಅಚ್ಚರಿ ತಂದದ್ದು. ಉಗುರು ಚರ್ಮಕ್ಕೆ ಸೇರಿದ್ದು ಎಂದು ನಾವಂದುಕೊಳ್ಳುತ್ತೇವೆ. ಆದರೆ ಬೆರಳನ್ನು ನೆಟ್ಟಗೆ ಮಾಡುವ ಸ್ನಾಯುವಿನ ಎಳೆಗಳು ತುದಿಗೀಲನ್ನು ದಾಟಿ ಉಗುರಿನ ಬುಡದವರೆಗೂ ಹರಡಿಕೊಂಡಿರುತ್ತವೆ. ಅದಕ್ಕೇ ಉಗುರು ಗುಳಿಬಿದ್ದವರಲ್ಲಿ, ಉಗುರು ಬುಡಬಿಟ್ಟು ಏಳುವವರಲ್ಲಿ ಬೆರಳಿನ ತುದಿಗೀಲು ಊದುವುದು ಹೆಚ್ಚು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಇದು ಮುಟ್ಟಿದರೆ ಹರಡುವ ರೋಗವಲ್ಲ. ಕುಷ್ಠದೊಂದಿಗೆ ಇದನ್ನು ಗಂಟುಹಾಕಿದ ತಪ್ಪನ್ನು ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ 1841ರಲ್ಲೇ ಬಿಡಿಸಿಟ್ಟರು. ಹಾಗಿದ್ದೂ ನಮ್ಮೂರಿನ ಒಂದು ಮದುವೆಯ ಪಂಕ್ತಿಯಲ್ಲಿ ದೊಡ್ಡಾಯಿ ಬಡಿಸಲು ಎದ್ದಾಗ ಒಬ್ಬರು "ನೀನು ಕೂತ್ಕ, ನಾವು ನೋಡ್ಕತ್ಯ" ಎಂದರು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ನೋವಿಗೆ ಯಾವ ಮುಲಾಮೂ ಇಲ್ಲ. ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಯಾರಿಗೂ ಏನೂ ಆಗುವುದಿಲ್ಲ.

ಈಗ ಮನೆಯ ಆರೈಕೆಗೆ ಬರೋಣ. ಇದರಲ್ಲಿ ಒಂದು ತೊಡಕಿದೆ. ಕೀಲಿಗೆ ಹಿತವಾದದ್ದು ಎಷ್ಟೋ ಸಲ ಚರ್ಮಕ್ಕೆ ಹಗೆ. ದೊಡ್ಡಾಯಿ ಬೆಳಿಗ್ಗೆ ಎದ್ದೊಡನೆ ಬಚ್ಚಲೊಲೆಯ ಹಂಡೆಯಿಂದ ಹಬೆಯಾಡುವ ನೀರು ತೋಡಿ, ಅದಕ್ಕೆ ಒಂದು ಮುಷ್ಟಿ ಉಪ್ಪು ಹಾಕಿ, ಕೈ ಮುಳುಗಿಸಿ ಅರ್ಧ ತಾಸು ಕೂರುತ್ತಿದ್ದಳು. ಬೆರಳು ಸಡಿಲಾಗುತ್ತಿತ್ತು, ನಿಜ. ಆದರೆ ಸುಡುನೀರು ಚರ್ಮದಲ್ಲಿ ಉಳಿದಿದ್ದ ಅಷ್ಟಿಷ್ಟು ಜಿಡ್ಡನ್ನೂ ತೊಳೆದು ಹಾಕುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಸದೊಂದು ಸೀಳು. ಗಂಟನ್ನೂ ಚರ್ಮವನ್ನೂ ಒಟ್ಟಿಗೆ ನೋಡುವವರಿಲ್ಲದಿದ್ದರೆ ಆರೈಕೆಯೇ ರೋಗಕ್ಕೆ ಗೊಬ್ಬರವಾಗುವುದು ಹೀಗೆ.

ಹಾಗಾದರೆ ಬಿಸಿ ಬೇಡವೇ? ಬೇಕು. ಮೊಣಕೈ ಅದ್ದಿ ನೋಡಿದರೆ ಹಿತವೆನಿಸುವಷ್ಟು ಉಗುರುಬೆಚ್ಚಗಿನ ನೀರು ಸಾಕು, ಉಪ್ಪು ಬೇಡ, ಹತ್ತು ನಿಮಿಷ ಮೀರುವುದು ಬೇಡ. ನೀರೊಳಗೇ ಬೆರಳನ್ನು ನಿಧಾನವಾಗಿ ಮಡಚಿ ಬಿಡಿಸಬೇಕು, ಹೆಬ್ಬೆರಳನ್ನು ಒಂದೊಂದೇ ಬೆರಳ ತುದಿಗೆ ಮುಟ್ಟಿಸಬೇಕು. ನೋವು ಏರಿದಲ್ಲಿಗೆ ನಿಲ್ಲಿಸಬೇಕು. ಹೊರಗೆ ತೆಗೆದ ಮೇಲೆ ಹಳೆಯ ಹತ್ತಿಬಟ್ಟೆಯಿಂದ ಒತ್ತಿ ಒರೆಸಬೇಕು, ಉಜ್ಜಬಾರದು. ಚರ್ಮದಲ್ಲಿ ಇನ್ನೂ ತೇವವಿರುವಾಗಲೇ ಜಿಡ್ಡು ಹಚ್ಚಿಬಿಡಬೇಕು. ಈ ಕೊನೆಯ ಹೆಜ್ಜೆ ತಪ್ಪಿದರೆ ಮೊದಲಿನದೆಲ್ಲ ದಂಡ, ಏಕೆಂದರೆ ನೀರು ಆರುವಾಗ ಚರ್ಮದ ಒಳಗಿನ ತೇವವನ್ನೂ ಎಳೆದುಕೊಂಡು ಹೋಗುತ್ತದೆ. ನೀರೇ ಬೇಡವೆನ್ನುವವರು ಹುರಿದ ಮರಳುಪ್ಪನ್ನು ದಪ್ಪ ಬಟ್ಟೆಯಲ್ಲಿ ಗಂಟುಕಟ್ಟಿ ಒಣಶಾಖ ಕೊಡಬಹುದು. ಕೆನ್ನೆಗೆ ಮುಟ್ಟಿಸಿ ಬಿಸಿ ನೋಡಿಕೊಳ್ಳಿ. ಕೀಲು ಕೆಂಪಾಗಿ, ಮುಟ್ಟಿದರೆ ಕಾದಿರುವ ದಿನ ಮಾತ್ರ ಶಾಖ ಬೇಡವೇ ಬೇಡ. ಅಂದು ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡುವುದೇ ಹಿತ.

ಜಿಡ್ಡು ಯಾವುದು? ಬಿರಿದ ಕೈಗೆ ಗಟ್ಟಿ ಜಿಡ್ಡೇ ಬೇಕು. ಪರಿಮಳದ ತೆಳು ಲೋಶನ್ ಸೀಳಿನಲ್ಲಿ ಉರಿಯುತ್ತದೆ, ಬೇಗ ಆರಿಹೋಗುತ್ತದೆ. ಸಾದಾ ಪೆಟ್ರೋಲಿಯಂ ಜೆಲ್ಲಿ ಅಗ್ಗ, ಉರಿಯುವುದಿಲ್ಲ, ಚರ್ಮದ ತೇವ ಹಾರಿಹೋಗದಂತೆ ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ನಮ್ಮ ಕಡೆ ಮುರುಗಲ ತುಪ್ಪವಿದೆ. ಮುರುಗಲ ಹಣ್ಣಿನ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ ತೇಲಿಬಂದದ್ದನ್ನು ತೆಗೆದು ಮಾಡುವ ಗಟ್ಟಿ ತುಪ್ಪ. ಹಿಮ್ಮಡಿ ಒಡೆದಾಗ ಅಜ್ಜಿಯರು ಹಚ್ಚುತ್ತಿದ್ದದ್ದು ಅದನ್ನೇ. ಚಳಿಯಲ್ಲಿ ಕಲ್ಲಿನಂತಿದ್ದರೂ ಅಂಗೈಯ ಬಿಸಿಗೆ ಮೆಲ್ಲಗೆ ಕರಗುತ್ತದೆ. ದೊಡ್ಡಾಯಿಗೆ ಹಿಡಿಸಿದ್ದು ಅದು. ಒಂದು ನೆಲ್ಲಿಕಾಯಿಯಷ್ಟನ್ನು ಎರಡೂ ಅಂಗೈ ನಡುವೆ ಇಟ್ಟುಕೊಂಡು ಕರಗುವವರೆಗೆ ಕಾಯುತ್ತಾಳೆ, ಆಮೇಲೆ ಬೆರಳಿನಿಂದ ಮಣಿಕಟ್ಟಿನ ಕಡೆಗೆ ಸವರುತ್ತಾಳೆ. ರೋಗ ಗುಣಪಡಿಸುವ ಮದ್ದು ಅದಲ್ಲ, ಜಿಡ್ಡು ಅಷ್ಟೇ. ತೆಂಗಿನೆಣ್ಣೆಯೂ ಸರಿ, ಆದರೆ ಅದು ತೆಳು, ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ.

ರಾತ್ರಿಯ ಆರೈಕೆಯೇ ಹೆಚ್ಚು ಫಲ ಕೊಡುವುದು. ಮಲಗುವ ಮುಂಚೆ ದಪ್ಪಗೆ ಜಿಡ್ಡು ಬಳಿದು, ಬಿಳಿ ಹತ್ತಿಯ ಕೈಗವುಸು ಹಾಕಿಕೊಂಡು ಮಲಗಬೇಕು. ವೈದ್ಯರು ಹಚ್ಚುವ ಔಷಧ ಕೊಟ್ಟಿದ್ದರೆ ಅದರ ಮೇಲೆ ಹೀಗೆ ಸುತ್ತಬಹುದೇ ಎಂದು ಅವರನ್ನೇ ಕೇಳಿ, ಮುಚ್ಚಿದ ಚರ್ಮ ಔಷಧವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆಯನ್ನು ಒಲೆಯ ಮನೆಯವರು ಮರೆಯಬಾರದು. ಜಿಡ್ಡು ಕುಡಿದ ಬಟ್ಟೆಗೆ ಬೆಂಕಿ ತಾಗಿದರೆ ಬತ್ತಿಯಂತೆ ಧಗ್ಗನೆ ಹತ್ತಿಕೊಳ್ಳುತ್ತದೆ. ಬೆಳಿಗ್ಗೆ ಕೈಗವುಸು ತೆಗೆದಿಟ್ಟ ಮೇಲೆಯೇ ಒಲೆಯ ಮುಂದೆ ಹೋಗಬೇಕು.

ಆಳವಾದ ಸೀಳಿದ್ದರೆ ಸಾದಾ ನೀರಿನಲ್ಲಿ ತೊಳೆದು, ಪೆಟ್ರೋಲಿಯಂ ಜೆಲ್ಲಿ ತುಂಬಿ, ಬಟ್ಟೆಯ ಪಟ್ಟಿಯಿಂದ ಎರಡೂ ಅಂಚು ಹತ್ತಿರ ಬರುವಂತೆ ಸುತ್ತಿ. ಅಂಚಿನ ಸತ್ತ ಚರ್ಮವನ್ನು ಬ್ಲೇಡಿನಿಂದ ಕೀಸಬೇಡಿ, ಕಲ್ಲಿಗೆ ತಿಕ್ಕಬೇಡಿ. ಸೋರಿಯಾಸಿಸ್ಸಿಗೆ ಒಂದು ಕೆಟ್ಟ ಚಾಳಿಯಿದೆ. ಚರ್ಮಕ್ಕೆ ಗಾಯವಾದ ಜಾಗದಲ್ಲೇ ಹೊಸ ಕಲೆ ಹುಟ್ಟುತ್ತದೆ. ಜರ್ಮನಿಯ ಹೈನ್ರಿಷ್ ಕೋಬ್ನರ್ ಹತ್ತೊಂಬತ್ತನೆಯ ಶತಮಾನದಲ್ಲಿ ಗುರುತಿಸಿದ ಸಂಗತಿ ಇದು, ಇಂದಿಗೂ ಅವರ ಹೆಸರಲ್ಲೇ ಕರೆಯುತ್ತಾರೆ. ಬೂದಿ ಹಾಕಿ ತೆಂಗಿನ ನಾರಿನಿಂದ ಪಾತ್ರೆ ತಿಕ್ಕುವುದು, ಚೊಗರು ಹೋಗಲೆಂದು ನಿಂಬೆಹೋಳು ಉಜ್ಜುವುದು, ಬಿಗಿ ಬಳೆ ಏರಿಸುವುದು ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಯೂರಿಯಾ ಇರುವ ಕ್ರೀಮು ದಪ್ಪಗಟ್ಟಿದ ಚರ್ಮವನ್ನು ಮೆದುವಾಗಿಸುತ್ತದೆ, ಆದರೆ ಬಾಯಿಬಿಟ್ಟ ಸೀಳಿನ ಮೇಲೆ ಉರಿ ಕಿತ್ತುಬರುತ್ತದೆ. ಸೀಳು ಕೂಡಿದ ಮೇಲೆ ಹಚ್ಚಿ.

ಕೆಲಸ ಬಿಟ್ಟು ಕೂರು ಎಂದರೆ ನಮ್ಮ ಹೆಂಗಸರು ಕೂರುವುದಿಲ್ಲ, ಕೂರಲು ಆಗುವುದೂ ಇಲ್ಲ. ಹಾಗಾಗಿ ಕೆಲಸದ ರೀತಿಯನ್ನೇ ಬದಲಿಸಬೇಕು. ಪಾತ್ರೆ, ಬಟ್ಟೆಗೆ ಒಳಗೆ ಹತ್ತಿಯ ಕೈಗವುಸು, ಮೇಲೆ ರಬ್ಬರಿನದು. ಬರೀ ರಬ್ಬರಿನೊಳಗೆ ಕೈ ಬೆವರಿ ಇನ್ನಷ್ಟು ಹಾಳಾಗುತ್ತದೆ. ಒದ್ದೆ ಬಟ್ಟೆಯನ್ನು ಬೆರಳಲ್ಲಿ ಹಿಂಡದೆ ನಲ್ಲಿಗೆ ಸುತ್ತಿ ಅಂಗೈಯಿಂದ ತಿರುಚಬಹುದು. ಕೊಡವನ್ನು ಬೆರಳಲ್ಲಿ ತೂಗುಹಾಕದೆ ಎರಡೂ ತೋಳಲ್ಲಿ ತಬ್ಬಿ ಎತ್ತಬೇಕು. ಚಮಚ, ಚೂರಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಬಿಗಿಹಿಡಿತದ ಶ್ರಮ ತಪ್ಪುತ್ತದೆ. ಲೋಟವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದನ್ನು ತಳಕ್ಕೆ ಕೊಟ್ಟು ಕುಡಿಯುವುದು ದೊಡ್ಡಾಯಿಗೆ ಈಗ ಅಭ್ಯಾಸವಾಗಿದೆ. ಮೆಟ್ಟುಗತ್ತಿಯನ್ನು ಮಾತ್ರ ಬಿಡಲೇಬೇಕಾಯಿತು. ಆ ದಿನ ಅವಳು ಅತ್ತದ್ದನ್ನು ನಾನು ನೋಡಿದ್ದೇನೆ.

ಗುಣ ಮಾಡುತ್ತೇವೆಂದು ಬಂದ ಸಲಹೆಗಳಿಗೂ ಕಡಿಮೆಯಿರಲಿಲ್ಲ. ಬೆಳ್ಳುಳ್ಳಿ ಅರೆದು ಕಟ್ಟುವುದು, ಎಕ್ಕದ ಹಾಲು, ಗೇರುಬೀಜದ ಸಿಪ್ಪೆಯ ಎಣ್ಣೆ. ಮೂರೂ ಚರ್ಮವನ್ನು ಸುಡುತ್ತವೆ, ಗೇರೆಣ್ಣೆಯಂತೂ ಬೊಬ್ಬೆ ಎಬ್ಬಿಸುತ್ತದೆ. ಏನಿದೆಯೆಂದು ಚೀಟಿಯಿಲ್ಲದ ಪುಡಿ, ಗುಳಿಗೆಗಳ ಬಗ್ಗೆ ಇನ್ನೂ ಹೆಚ್ಚು ಭಯಪಡಬೇಕು. ಅಂಥವುಗಳಲ್ಲಿ ಎಷ್ಟೋ ಸಲ ಸ್ಟೆರಾಯ್ಡ್ ಬೆರೆತಿರುತ್ತದೆ. ತಿಂದ ವಾರದಲ್ಲಿ ನೋವು ಮಾಯ, ನಿಲ್ಲಿಸಿದರೆ ಸೋರಿಯಾಸಿಸ್ ಮೈತುಂಬ ಕೀವಿನ ಗುಳ್ಳೆಯಾಗಿ ಭುಗಿಲೇಳುವ ಅಪಾಯ. ಮೆಟ್ಟುಗತ್ತಿ ಬಿಟ್ಟ ದುಃಖದಲ್ಲಿದ್ದವಳಿಗೆ ಇಂಥ ಗುಳಿಗೆ ಆಸೆ ಹುಟ್ಟಿಸುವುದು ಸಹಜ. ಅದನ್ನು ಬಳಸಿಕೊಳ್ಳುವವರ ಮೇಲೆ ನನಗೆ ತಡೆಯಲಾರದ ಸಿಟ್ಟಿದೆ.

ಊಟದಲ್ಲಿ ಬದನೆ ಬಿಡಿ, ಮೊಸರು ಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಗುಣ ಮಾಡುವ ಪಥ್ಯ ಯಾವುದೂ ಇಲ್ಲ. ಆದರೆ ತೂಕ ಹೆಚ್ಚಿರುವವರು ಇಳಿಸಿದರೆ ಕೀಲಿನ ಉರಿ ತಗ್ಗುತ್ತದೆ, ಔಷಧವೂ ಚೆನ್ನಾಗಿ ಹಿಡಿಯುತ್ತದೆ. ಬೀಡಿ, ಸಿಗರೇಟು, ಕುಡಿತ ಬಿಡಲೇಬೇಕು.

ಇಷ್ಟೆಲ್ಲ ಮಾಡಿದರೂ ಮನೆಯ ಆರೈಕೆ ನೋವನ್ನು ತಗ್ಗಿಸುತ್ತದೆಯೇ ಹೊರತು ಒಳಗೆ ಎಲುಬು ಸವೆಯುವುದನ್ನು ತಡೆಯುವುದಿಲ್ಲ. ಅದಕ್ಕೆ ಔಷಧವೇ ಬೇಕು, ಬೇಗ ಬೇಕು. ಆರು ತಿಂಗಳು ತಡವಾದರೂ ಕೀಲು ಶಾಶ್ವತವಾಗಿ ಹಾಳಾಗುವ ಸಂಭವ ಏರುತ್ತದೆ. ರುಮಟಾಲಜಿಸ್ಟ್ ಎಂದು ಕರೆಯುವ ಕೀಲುರೋಗ ತಜ್ಞರು ಹೆಚ್ಚಾಗಿ ಬರೆಯುವ ಔಷಧ ಮೆಥೊಟ್ರೆಕ್ಸೇಟ್. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ದೊಡ್ಡಾಯಿಗೆ ಸೋಮವಾರ ಗೊತ್ತುಮಾಡಿದ್ದೇವೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರಕ್ಕೂ ಕೆಂಪು ಶಾಯಿಯ ಸುತ್ತು ಹಾಕಿದೆ, ನುಂಗಿದ ಮೇಲೆ ಅದರ ಮೇಲೆ ಅಡ್ಡಗೀಟು ಎಳೆಯುತ್ತಾಳೆ. ಜೊತೆಗೆ ಫೋಲಿಕ್ ಆಸಿಡ್, ಆಗಾಗ ಯಕೃತ್ತಿನ ಮತ್ತು ರಕ್ತಕಣಗಳ ಪರೀಕ್ಷೆ. ಗರ್ಭಿಣಿಯರು, ಮಗು ಬೇಕೆನ್ನುವವರು ಇದನ್ನು ಮುಟ್ಟಬಾರದು. ಇದಕ್ಕೂ ಬಗ್ಗದಿದ್ದರೆ ಬಯಾಲಜಿಕ್ ಎಂಬ ಚುಚ್ಚುಮದ್ದುಗಳಿವೆ. ಅವುಗಳಿಗೆ ಮುಂಚೆ ಮೈಯಲ್ಲಿ ಮಲಗಿರುವ ಕ್ಷಯವಿದೆಯೇ ಎಂದು ನೋಡಲೇಬೇಕು.

ಕೆಲವು ದಿನ ಮನೆಮದ್ದನ್ನು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಓಡಬೇಕು. ಜ್ವರದೊಂದಿಗೆ ಒಂದೇ ಕೀಲು ದಿಢೀರನೆ ಊದಿ ಕಾದರೆ, ಸೀಳಿನಿಂದ ಕೀವು ಬಂದು ತೋಳಿನ ಕಡೆ ಕೆಂಪುಗೆರೆ ಏರಿದರೆ, ಕಣ್ಣು ಕೆಂಪಾಗಿ ಬೆಳಕು ನೋಡಲಾರದೆ ನೋಯತೊಡಗಿದರೆ. ಕಣ್ಣಿನದು ಈ ರೋಗದ್ದೇ ಇನ್ನೊಂದು ಮುಖ, ನಾಳೆ ನೋಡೋಣ ಎನ್ನುವಂಥದ್ದಲ್ಲ.

ವೈದ್ಯರಲ್ಲಿಗೆ ಹೋಗುವ ದಿನ ಊತ ಇಳಿದಿರುವುದುಂಟು. ರಕ್ತಪರೀಕ್ಷೆಯಲ್ಲೂ ಏನೂ ಕಾಣದೆ ಇರಬಹುದು, ಸಂಧಿವಾತಕ್ಕೆ ನೋಡುವ ರುಮಟಾಯ್ಡ್ ಫ್ಯಾಕ್ಟರ್ ಇದರಲ್ಲಿ ಹೆಚ್ಚಾಗಿ ಇರುವುದೇ ಇಲ್ಲ. ಆದ್ದರಿಂದ ಬೆರಳು ಊದಿದ ದಿನವೇ ಮೊಬೈಲಿನಲ್ಲಿ ಎರಡೂ ಕೈಯ ಫೋಟೊ ತೆಗೆದಿಟ್ಟುಕೊಳ್ಳಿ. ಬೆಳಿಗ್ಗೆ ಕೈ ಸಡಿಲಾಗಲು ಎಷ್ಟು ನಿಮಿಷ ಹಿಡಿಯಿತು, ಹಿಮ್ಮಡಿ ನೋವಿತ್ತೇ ಎಂದು ಬರೆದಿಡಿ. ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್ ಇತ್ತೇ ಎಂದು ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಉಗುರಿಗೆ ಬಣ್ಣ ಹಚ್ಚಿದ್ದರೆ ಅಳಿಸಿಕೊಂಡು ಹೋಗಿ.