ರಕ್ತದಲ್ಲೊಂದು ಕೂಡು ಕುಟುಂಬ

ಮದುವೆಗೆ ಜಾತಕ ನೋಡುವವರು ನಮ್ಮಲ್ಲಿ ಬೇಕಾದಷ್ಟು ಜನ. ಮುಂಬೈಯ ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನು ನೋಡುವ ಜಾತಕವೇ ಬೇರೆ. ಅದರಲ್ಲಿ 'ಎಚ್‌ಬಿ ಎ2' ಎಂಬ ಒಂದು ಸಾಲಿರುತ್ತದೆ. ಅದರ ಮೂಲ ಹುಡುಕಿದರೆ ಸುಮಾರು 45-50 ಕೋಟಿ ವರ್ಷ ಹಿಂದಕ್ಕೆ ಹೋಗಬೇಕು.

ಜೀವಕೋಶ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳುವಾಗ ಅಪರೂಪಕ್ಕೊಮ್ಮೆ ಒಂದು ಜೀನ್ ಎರಡಾಗಿಬಿಡುತ್ತದೆ. ಒಂದು ಪ್ರತಿ ಹಳೆಯ ಕೆಲಸ ನೋಡಿಕೊಳ್ಳುತ್ತದೆ. ಇನ್ನೊಂದಕ್ಕೆ ಬದಲಾಗುವ ಸ್ವಾತಂತ್ರ್ಯ ಸಿಗುತ್ತದೆ. ಜೀವವಿಕಾಸಕ್ಕೆ ಇದೇ ದೊಡ್ಡ ಬಂಡವಾಳ ಎಂದು ಸುಸುಮು ಓನೊ 1970ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಆಮ್ಲಜನಕ ಹೊರುವ ಗ್ಲೋಬಿನ್ ಜೀನ್‌ಗಳು ಹೀಗೆಯೇ ಬೆಳೆದ ಮನೆತನ. ಮೀನಿನಂಥ ಪೂರ್ವಜರಲ್ಲಿ ಒಂದು ಜೀನ್ ಆಲ್ಫಾ, ಬೀಟಾ ಎಂದು ಕವಲೊಡೆಯಿತು. ಇಂದು ನಮ್ಮಲ್ಲಿ ಆಲ್ಫಾ ಮನೆಯವರು 16ನೇ ವರ್ಣತಂತುವಿನಲ್ಲಿ, ಬೀಟಾ ಮನೆಯವರು 11ನೆಯದರಲ್ಲಿ ಇದ್ದಾರೆ. ಎರಡೂ ಕಡೆಯಿಂದ ಇಬ್ಬಿಬ್ಬರು ಸೇರಿದರೇ ಒಂದು ಹಿಮೋಗ್ಲೋಬಿನ್.

ಬೀಟಾ ಮನೆಯಲ್ಲಿ ಎಪ್ಸಿಲಾನ್, ಎರಡು ಗ್ಯಾಮಾ, ಡೆಲ್ಟಾ, ಬೀಟಾ ಸಾಲಾಗಿ ಕುಳಿತಿವೆ. ಅವು ಕೆಲಸಕ್ಕೆ ಇಳಿಯುವುದೂ ಹೆಚ್ಚುಕಡಿಮೆ ಅದೇ ಸಾಲಿನಲ್ಲಿ. ಭ್ರೂಣದ ಮೊದಲ ವಾರಗಳಿಗೆ ಎಪ್ಸಿಲಾನ್. ಆಮೇಲೆ ಗ್ಯಾಮಾ, ಅದರ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದರಿಂದ ಶಿಶು ತಾಯಿಯ ರಕ್ತದಿಂದ ಅದನ್ನು ಸೆಳೆದುಕೊಳ್ಳಬಲ್ಲದು. ಹುಟ್ಟಿದ ಮೇಲೆ ಬೀಟಾ ಯಜಮಾನಿಕೆ ವಹಿಸಿಕೊಳ್ಳುತ್ತದೆ. ಡೆಲ್ಟಾದ ಪಾಲು ಶೇ. 2-3 ಮಾತ್ರ. ಅದೇ ಎಚ್‌ಬಿ ಎ2. ಕೆಟ್ಟು ಮೂಲೆಗೆ ಬಿದ್ದ ಒಂದು ಹುಸಿ ಜೀನ್ ಕೂಡ ಅದೇ ಮನೆಯಲ್ಲಿದೆ.

ಬೀಟಾ ಜೀನ್‌ನ ಎರಡೂ ಪ್ರತಿಗಳು ಕೆಟ್ಟರೆ ಥಲಸ್ಸೀಮಿಯಾ. ಗ್ಯಾಮಾ ಕೆಲಸ ಮಾಡುವಷ್ಟು ಕಾಲ ಮಗು ಚೆನ್ನಾಗಿಯೇ ಇರುತ್ತದೆ. ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ತೀವ್ರ ರೂಪದಲ್ಲಿ ಎರಡು-ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಒಂದೇ ಪ್ರತಿ ಕೆಟ್ಟವರು ವಾಹಕರು. ಅವರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಆದರೆ ಅವರಲ್ಲಿ ಡೆಲ್ಟಾದ ಪಾಲು ಸಾಮಾನ್ಯವಾಗಿ ಶೇ. 3.5 ದಾಟುತ್ತದೆ. ಆ ಸಾಲನ್ನು ನಾನು ಎರಡೆರಡು ಸಲ ಓದುವುದು ಅದಕ್ಕೇ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ಕಾಯಿಲೆಯ ಸಂಭವ ನಾಲ್ಕರಲ್ಲೊಂದು.

ಸಿಂಧಿ, ಪಂಜಾಬಿ ಸಮುದಾಯಗಳಲ್ಲಿ ವಾಹಕರು ಹೆಚ್ಚು ನಿಜ. ಹಾಗೆಂದು ನಮಗಿಲ್ಲ ಎನ್ನುವಂತಿಲ್ಲ. ನಮ್ಮ ಸೋದರಮಾವ, ಅತ್ತೆಮಗನ ಸಂಬಂಧಗಳಲ್ಲಿ ಒಂದೇ ದೋಷ ಎರಡೂ ಕಡೆ ಇಳಿದು ಬಂದಿರುವ ಸಾಧ್ಯತೆ ಹೆಚ್ಚು.

ಮಲಗಿರುವ ಗ್ಯಾಮಾವನ್ನು ಎಬ್ಬಿಸುವ ಜೀನ್ ತಿದ್ದುಪಡಿ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ತಮ್ಮನ ಕೆಲಸ ಕೆಟ್ಟಾಗ ಅಣ್ಣ ಮತ್ತೆ ನೊಗಕ್ಕೆ ಹೆಗಲು ಕೊಟ್ಟಂತೆ. ಆದರೆ ಅದರ ಬೆಲೆ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ. ಮದುವೆಗೆ ಮುಂಚಿನ ಒಂದು ರಕ್ತಪರೀಕ್ಷೆ ಎಟುಕುತ್ತದೆ. ಮನೆಯಲ್ಲಿ ಮದುವೆ ಮಾತು ನಡೆದಿದ್ದರೆ ಇಬ್ಬರಿಗೂ ಮಾಡಿಸಿ.